ಬಸವೇಶನ ಕಡ್ಡಿ ಶರತ್ತು

ನಮ್ಮ ಯಳಂದೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಬಸವೇಶನಷ್ಟು ಸಾಧು ಪ್ರಾಣಿಯನ್ನು ನಾನು ಕಂಡಿಲ್ಲ. ಯಾರು ಏನು ಕೇಳಿದರೂ ಹೂಂ ಅನ್ನುತ್ತಾನೆ. ಅದಕ್ಕೇ ಅವನ ಮೇಲೆ ನನಗೆ ಸಿಟ್ಟು, ಅದಕ್ಕೇ ಪ್ರೀತಿ.

ಕಾಮಗೆರೆಯಲ್ಲಿ ಅವನ ತಾಯಿ ಚನ್ನಮಲ್ಲಮ್ಮ ರೇಷ್ಮೆ ಹುಳ ಸಾಕುತ್ತಾರೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ, ಸೊಪ್ಪು ನಿಲ್ಲಿಸಬೇಕು. ಯಾವ ಹೊತ್ತಿಗೆ ನಿಲ್ಲಿಸಬೇಕೆಂದು ಹುಳುಮನೆಯ ಶಾಖ ನೋಡಿ ಹೇಳುವ ಆ್ಯಪ್ ಒಂದನ್ನು ಬಸವೇಶ ಬರೆದ. ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂಬ ಲೈಸೆನ್ಸ್ ಹಾಕಿ ಬಿಟ್ಟಿಯಾಗಿ ಕೊಟ್ಟುಬಿಟ್ಟ, ಪುಣ್ಯಾತ್ಮ.

ಒಂದು ಕಂಪನಿ ಅದನ್ನೇ ಎತ್ತಿಕೊಂಡು, ಬಣ್ಣ ಬದಲಿಸಿ, ಒಳಗಿನ ಕೋಡಿಗೆ ಬೀಗ ಹಾಕಿ ಹಂಚಿತು. ನಾಲ್ಕನೇ ಜ್ವರದ ದಿನವೇ ಶಾಗ್ಯದಲ್ಲಿ ಹುಳ ಸಾಕುವ ರಂಗಮ್ಮನ ಫೋನಿನಲ್ಲಿ ‘ಮುಂದೆ ನೋಡಲು ಹಣ ಕಟ್ಟಿ’ ಎಂದು ಬಂತು. ಆ್ಯಪ್ ಅವನದೇ ಅಂದುಕೊಂಡು ಆಕೆ ಫೋನ್ ಮಾಡಿ ಬೈದದ್ದು ಬಸವೇಶನನ್ನು.

“ನಿನ್ನ ನಂಬ್ಕಂಡು ಉಳ ಮಡಗಿದ್ನಲ್ಲೋ. ನೀನೂ ಇಂಗೆ ಮಾಡ್ಬುಟ್ಯಾ?”

ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಹೊಸ ಆ್ಯಪ್ ಬರೆದ.

“ಈ ಸಲ ಯಾರೂ ಇದ್ರಿಂದ ಕಾಸು ಮಾಡಂಗೇ ಇಲ್ಲ ಅಂತ ಆಕ್ತೀನಿ ಸಾ” ಎಂದ.

“ಹಾಕಪ್ಪ. ಹನೂರಲ್ಲಿ ಮೊಬೈಲ್ ಅಂಗಡಿ ಇಟ್ಟು, ರೈತರ ಫೋನಿಗೆ ಇದನ್ನ ಹಾಕಿಕೊಟ್ಟು ಬದುಕೋ ಪುಷ್ಪನ ಹೊಟ್ಟೆ ಮೇಲೂ ಹೊಡಿ” ಎಂದು ರೇಗಿದೆ.

ಆ ಭಾನುವಾರ ನಾನು ಕಾಮಗೆರೆಯಲ್ಲಿ ಬಸವೇಶನ ತೋಟದಲ್ಲಿದ್ದೆ. ನೆಡಲು ಹಿಪ್ಪುನೇರಳೆ ಕಡ್ಡಿ ಕೇಳಿಕೊಂಡು ಬಂದವರಿಗೆ ಚನ್ನಮಲ್ಲಮ್ಮ ಕಟ್ಟು ಕಟ್ಟಿ ಕೊಡುತ್ತ, ತಮ್ಮ ಅತ್ತೆಯ ಕಾಲದಿಂದ ಬಂದ ಶರತ್ತನ್ನು ಹೇಳಿದರು: “ಸೊಪ್ಪಾರ ಮಾರ್ಕೊಳಿ, ಗೂಡಾರ ಮಾರ್ಕೊಳಿ. ನಾಳೆ ಯಾರಾರ ಕಡ್ಡಿ ಕೇಳುದ್ರೆ ಮಾತ್ರ ಇಲ್ಲ ಅನ್ಬೇಡಿ. ಅವರ್ಗೂ ಇದ್ನೇ ಏಳಿ.”

ಬಸವೇಶ ನನ್ನ ಮುಖ ನೋಡಿದ. ಅಂಥ ಲೈಸೆನ್ಸೂ ಒಂದಿತ್ತು. ಮಾರಬಹುದು, ತಿದ್ದಬಹುದು, ಆದರೆ ಪಡೆದವರಿಗೆ ಕೋಡನ್ನೂ ಕೊಡಬೇಕು, ಅದೇ ಶರತ್ತಿನ ಮೇಲೆ. ಯಾರನ್ನೂ ಕಟ್ಟಿಹಾಕಬಾರದೆಂದು ಮೊದಲ ಸಲ ಅದನ್ನು ಹಾಕದೆ ಬಿಟ್ಟಿದ್ದನಂತೆ. ಅಂದೇ ಹೊಸ ಆ್ಯಪ್‌ಗೆ ಅದನ್ನು ಹಾಕಿದ.

ವಾರದೊಳಗೆ ಕಂಪನಿಯವರು ಫೋನ್ ಮಾಡಿ, ಹೊಸದೂ ಬೇಕು, ತಮಗೆ ಮಾತ್ರ ಶರತ್ತು ಸಡಿಲಿಸಿ ಎಂದರು. ನನ್ನ ಎದುರಿಗೇ ಬಸವೇಶ “ಆಗಲ್ಲ” ಅಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಹಬ್ಬವಾಯಿತು.

ಆಮೇಲೆ ನಾವಿಬ್ಬರೂ ಶಾಗ್ಯಕ್ಕೆ ಹೋದೆವು. ರಂಗಮ್ಮ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ನಡೆದದ್ದನ್ನೆಲ್ಲ, ಕಡ್ಡಿಯ ಶರತ್ತನ್ನೂ, ಕೇಳಿದಳು. ಫೋನ್ ಕೊಟ್ಟು ಹೊಸದನ್ನು ಹಾಕಿಸಿಕೊಂಡಳು. ಬಸವೇಶ ತಲೆ ಎತ್ತಲಿಲ್ಲ. ಹೊರಡುವಾಗ ಆಕೆ ಪಕ್ಕದ ಮನೆಯವಳನ್ನು ಕೂಗಿ ಕರೆದಳು.

“ಕುಸುಮ, ನಿನ್ ಫೋನ್ಗೂ ಆಕುಸ್ಕೊ ಬಾ. ನಮ್ ಬಸವೇಸಂದು. ಯಾರಾರ ಕೇಳುದ್ರೆ ಇಲ್ಲ ಅನ್ಬೇಡ.”