ಎಲೆ ಬೇಕಾ?

ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಒಂದು ಕುಂಡವಿದೆ. ಅದರೊಳಗಿನ ಗಿಡವನ್ನು ಈಗ ನೋಡಿದವರು, ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಎತ್ತಿ ಬಿಸಾಕಬಾರದೇ ಎನ್ನುತ್ತಾರೆ. ಬೋಳು ಕಡ್ಡಿಗಳು, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆ. ತಂದ ದಿನ ಅದು ಹೀಗಿರಲಿಲ್ಲ. ಎಲೆಗಳು ರೊಟ್ಟಿಯಷ್ಟು ದಪ್ಪಗಿದ್ದವು, ನಡುವೆ ಹಸಿರು, ಸುತ್ತ ಕೆನೆ ಬಣ್ಣ, ಅಂಚಿನುದ್ದಕ್ಕೂ ಯಾರೋ ಕುಂಕುಮದ ಬೆರಳು ಎಳೆದ ಹಾಗೆ ಕೆಂಪು.

ತಂದವರು ನಮ್ಮ ಮನೆಯವರು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಮಷೀನಿನ ಮುಂದೆ ನಿಂತು ನಿಂತೇ ನಿವೃತ್ತರಾದವರು, ಹೂವಿನ ಗಿಡಕ್ಕೂ ಕಳೆಗೂ ವ್ಯತ್ಯಾಸ ಕೇಳಿದರೆ ನನ್ನ ಮುಖ ನೋಡುತ್ತಿದ್ದವರು. ಹೊಸಕೋಟೆಗೆ ಬರಲು ಹೆದ್ದಾರಿಯಲ್ಲಿ ಬಸ್ಸು ಕಾಯುವಾಗ ನರ್ಸರಿಯೊಂದರ ಮುಂದೆ ಇದು ಕಣ್ಣಿಗೆ ಬಿತ್ತಂತೆ. ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಕೂರಿಸಿಕೊಂಡು ಬಂದರು.

"ಇದೇನ್ರೀ, ಪ್ಲಾಸ್ಟಿಕ್ಕಾ?" ಎಂದೆ.

"ಪ್ಲಾಸ್ಟಿಕ್ ತರಕ್ಕೆ ನಂಗೇನು ಹುಚ್ಚಾ? ಮುಟ್ಟಿ ನೋಡು."

ನರ್ಸರಿಯವನು ಪೆಪರೋಮಿಯ ಎಂದು ಹೇಳಿಕೊಟ್ಟಿದ್ದನಂತೆ. ಮನೆ ಸೇರುವಷ್ಟರಲ್ಲಿ ಅದು ಇವರ ಬಾಯಲ್ಲಿ ಪೇಪರಮ್ಮ ಆಗಿತ್ತು. ನಾನು ಪ್ರಾಥಮಿಕ ಶಾಲೆಯಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿದವಳು. ತಪ್ಪು ಕೇಳಿದರೆ ತಿದ್ದದೆ ಇರಲಾರೆ. ತಿದ್ದಿದೆ. ಅವರು ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ ಪೇಪರಮ್ಮ ಎಂದರು.

ಗಿಡದ ಬಗ್ಗೆ ನರ್ಸರಿಯವನು ಹೇಳಿದ್ದನ್ನು ಮಾತ್ರ ಒಪ್ಪವಾಗಿ ನೆನಪಿಟ್ಟುಕೊಂಡು ಬಂದಿದ್ದರು. ಇದು ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಜಾತಿ, ದಿನಾ ನೀರು ಕೇಳುವುದಿಲ್ಲ. ಎಲೆಯನ್ನು ಮೆಲ್ಲಗೆ ಮಡಚಿ ನೋಡಬೇಕು. ಗಟ್ಟಿಯಾಗಿದ್ದರೆ ಸುಮ್ಮನಿರಬೇಕು, ಮೆತ್ತಗೆ ಬಾಗಿದರೆ ಹಾಕಬೇಕು. ನೇರ ಬಿಸಿಲು ಬೇಡ, ಆದರೆ ಬೆಳಕು ಚೆನ್ನಾಗಿರಬೇಕು, ಇಲ್ಲವಾದರೆ ಬಣ್ಣ ಹೋಗುತ್ತದೆ. ನಾನು ಕೇಳಿಸಿಕೊಂಡೆ, ಮಾಡಿದ್ದು ಬೇರೆ. ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರೆರೆದು ಒಳಗೆ ಬರುವಾಗ ಚೊಂಬಿನಲ್ಲಿ ಉಳಿದ ನೀರನ್ನು ಇದಕ್ಕೂ ಸುರಿಯುತ್ತಿದ್ದೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕದೆ ಬರುವುದು ಹೇಗೆ? ಕೆಳಗಿನ ಎಲೆಗಳು ಹಳದಿಯಾದವು, ಕಾಂಡದ ಬುಡ ಕೊಳೆತು ಲೊಳಲೊಳ ಎಂದಿತು. ಅವರು ಬೈದುಕೊಂಡೇ ಗಿಡವನ್ನು ಕಿತ್ತು, ಕೊಳೆತದ್ದನ್ನು ಕತ್ತರಿಸಿ, ಮರಳು, ಇದ್ದಿಲ ಚೂರು, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿಗೆ ಇಟ್ಟರು. ಅಲ್ಲಿಂದಾಚೆಗೆ ನಾನೂ ಎಲೆ ಮಡಚಿ ನೋಡಿಯೇ ನೀರು ಹಾಕಿದೆ. ಬೆಳಕಿನ ಕಡೆಗೇ ವಾಲುತ್ತದೆಂದು ಆಗಾಗ ಕುಂಡ ತಿರುಗಿಸುವುದೂ ನನ್ನ ಕೆಲಸವಾಯಿತು.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಮ್ಮವರು ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಜಡಿಗೇನಹಳ್ಳಿಯ ಅತ್ತೆಮನೆಯಲ್ಲಿ ಇದ್ದಷ್ಟು ಕಾಲ ಆ ಕಡೆಯ ಗಂಡಸರು ಹೆಂಡತಿಯರನ್ನು ಕೂಗುವ ಹಾಗೆ ಕೂಗುತ್ತಿದ್ದರು. ಹೊಸಕೋಟೆಗೆ ಬಂದು ಮಗಳು ಕಾಲೇಜಿಗೆ ಸೇರಿದ ಮೇಲೆ, "ಅಪ್ಪಾ, ಹಂಗೆಲ್ಲ ಕೂಗ್ಬೇಡಿ, ಅಕ್ಕಪಕ್ಕದೋರು ಏನಂದ್ಕೊಂಡಾರು" ಎಂದು ಜಗಳವಾಡಿ ಅದನ್ನು ಬಿಡಿಸಿದಳು. ಅವರು ಬಿಟ್ಟರು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ. "ನೋಡಿಲ್ಲಿ" ಎನ್ನುತ್ತಿದ್ದರು, ಇಲ್ಲವೇ ಲೋಟವನ್ನು ನೆಲಕ್ಕೆ ಸ್ವಲ್ಪ ಸದ್ದಾಗುವಂತೆ ಇಡುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು, ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸತ್ತ ಹಾಗಾದವು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಕಣ್ಣು ತೆರೆದು ನನ್ನನ್ನು ನೆಟ್ಟಗೆ ನೋಡಿದ ದಿನ ಬಾಗಿ ಕೇಳಿದೆ, "ನಾನು ಯಾರು ಹೇಳ್ರೀ?"

ಸೊಟ್ಟಗಾದ ಬಾಯನ್ನು ಕಷ್ಟಪಟ್ಟು ಆಡಿಸಿ ಅವರು ಹೇಳಿದ್ದು "ಎಲೆ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಊಟವಾದ ಮೇಲೆ ಎಲೆ ಅಡಿಕೆ ಹಾಕದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಜೀವ ಹೋಗಿ ಬಂದರೂ ಚಪಲ ಹೋಗಲಿಲ್ಲವಲ್ಲ ಎಂದುಕೊಂಡೆ. ಡಾಕ್ಟರನ್ನು ಕೇಳಿದರೆ, ನುಂಗಲು ಬರುವುದಿಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ, ಎಲೆ ಅಡಿಕೆಯ ಮಾತೇ ಎತ್ತಬೇಡಿ ಎಂದರು.

ಮನೆಗೆ ಕರೆತಂದು ಕಿಟಕಿಯ ಹತ್ತಿರವೇ ಮಂಚ ಹಾಕಿಸಿದೆ. ಬೇರೆ ಒಂದು ಪದವೂ ಬರಲಿಲ್ಲ. ನೀರಡಿಕೆಯಾದರೂ "ಎಲೆ", ಮಗ್ಗುಲು ನೋಯುತ್ತಿದ್ದರೂ "ಎಲೆ". ಮಾತು ಕಲಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ತಾಳ್ಮೆಯವಳು. ಲಕ್ವ ಹೊಡೆದ ಕೆಲವರಿಗೆ ಹೀಗೆ ಯಾವುದೋ ಒಂದು ಪದ ನಾಲಗೆಯಲ್ಲಿ ಉಳಿದುಕೊಂಡುಬಿಡುತ್ತದೆ, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲ ಎಂದಳು.

"ಆಂಟಿ, ಹತ್ತಿರದವರ ಹೆಸರಿಂದ ಶುರು ಮಾಡಿ. ದಿನಾ ನಿಮ್ಮ ಹೆಸರು ಹೇಳ್ಸಿ."

ನಲವತ್ತು ವರ್ಷಕ್ಕೆ ಹತ್ತಿರವಾದ ಸಂಸಾರದಲ್ಲಿ ಒಮ್ಮೆಯೂ ಆಡದ ಹೆಸರನ್ನು ನಾನು ಅವರಿಗೆ ಹೇಳಿಕೊಡಲು ಕುಳಿತೆ. ಹಳೆಯ ಸ್ಲೇಟು ಹುಡುಕಿ ತೆಗೆದು ದಪ್ಪಕ್ಷರದಲ್ಲಿ ಬರೆದೆ. ಒಂದೊಂದೇ ಅಕ್ಷರ ತುಟಿ ಅಗಲಿಸಿ ತೋರಿಸಿದೆ. ಶಾಲೆಯಲ್ಲಿ ಎಂಥೆಂಥ ಮೊದ್ದು ಮಕ್ಕಳ ಬಾಯಲ್ಲಿ ಒತ್ತಕ್ಷರ ಹೊರಡಿಸಿದ್ದೇನೆ, ಇವರಿಂದ ಆಗದೇ ಎಂಬ ಜಂಬವಿತ್ತು. ಜಂಬಕ್ಕಿಂತ ಹೆಚ್ಚಾಗಿ ಆಸೆಯಿತ್ತು. ಅವರು ಎದ್ದು ಓಡಾಡುತ್ತಾರೆಂಬ ನಂಬಿಕೆ ನನಗೆ ಯಾವತ್ತೂ ಇರಲಿಲ್ಲ. ಒಂದೇ ಒಂದು ಸಲ ನನ್ನನ್ನು ಕರೆಯಲಿ, ಇದ್ದಾಳೆ ಅಂತ ಗೊತ್ತಾಗಿ ಕರೆಯಲಿ, ಅಷ್ಟು ಸಾಕಾಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಅವರು ಸ್ಲೇಟು ನೋಡುತ್ತಿದ್ದರು. ನನ್ನ ಬಾಯಿ ನೋಡುತ್ತಿದ್ದರು. ಹಣೆಯಲ್ಲಿ ಬೆವರು ಬರುವಷ್ಟು ಒದ್ದಾಡಿ "ಎಲೆ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಕುಂಡ ತಿರುಗಿಸುತ್ತಿದ್ದೆ. ಹಿಂದಿನಿಂದ "ಎಲೆ" ಎಂದರು. ತಿರುಗಿ ನೋಡಿದರೆ ಅವರ ಕಣ್ಣು ಕಿಟಕಿಯ ಕಡೆಗೇ ಇತ್ತು. ಅಯ್ಯೋ, ಇಷ್ಟು ದಿನ ಇವರು ಕೇಳುತ್ತಿದ್ದದ್ದು ಈ ಎಲೆಯನ್ನಲ್ಲವೇ, ತಾವೇ ಆಸೆಪಟ್ಟು ತಂದ ಗಿಡ, ಎಂದು ಹೊಳೆದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. "ಎಲೆ ಬೇಕಾ?" ಎಂದು ಕೆಂಪಂಚಿನ ಒಂದು ಎಲೆ ಕಿತ್ತು ಅವರ ಎಡ ಅಂಗೈಯಲ್ಲಿಟ್ಟೆ. ಅವರು ಎಲೆ ನೋಡಿದರು, ನನ್ನನ್ನು ನೋಡಿದರು. ಮತ್ತೆ "ಎಲೆ" ಎಂದರು. ಇನ್ನೊಂದು ಕಿತ್ತು ಕೊಟ್ಟೆ. ಅದನ್ನು ಮುದುರಿ ನನ್ನ ಮೇಲೆ ಎಸೆದರು.

ಮುಂದೆ ಇದೇ ಒಂದು ಕೆಲಸವಾಯಿತು. ಅವರು ಎಲೆ ಎನ್ನುವುದು, ನಾನು ಎಲೆ ಬೇಕಾ ಎಂದು ಓಡಿಬಂದು ಕಿತ್ತು ಕೊಡುವುದು, ಅವರು ಎಸೆಯುವುದು. ಒಂದು ದಿನ ಸಾರು ಉಕ್ಕುತ್ತಿತ್ತು, ಅದನ್ನು ಬಿಟ್ಟು ಬಂದಿದ್ದೆ, ಸಿಟ್ಟು ನೆತ್ತಿಗೇರಿತು. "ಕೊಟ್ಟಿದ್ದೀನಲ್ರೀ! ಕೈಯಲ್ಲೇ ಇದೆಯಲ್ಲ! ಇನ್ನೆಷ್ಟು ಎಲೆ ತಂದು ಸುರೀಲಿ?" ಎಂದು ಕೂಗಾಡಿದೆ. ಅವರ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿ, ಇನ್ನೊಂದು ಎಲೆ ಕಿತ್ತು ಕೊಟ್ಟೆ.

ನಿಧಾನವಾಗಿ ಅವರು ಎಸೆಯುವುದನ್ನು ಬಿಟ್ಟರು. ನಾನು ಹತ್ತಿರ ಹೋದರೆ ಸಾಕು, ತಾವೇ ಎಡಗೈ ಬಿಚ್ಚಿ ಚಾಚತೊಡಗಿದರು. ಎಲೆ ಇಟ್ಟರೆ ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ಹಾಗೆ ಮಾಡಿದಾಗ ನೆಲಮಂಗಲದಲ್ಲಿರುವ ಮಗಳಿಗೆ ಫೋನು ಮಾಡಿ, "ನಿಮ್ಮಪ್ಪಂಗೆ ಅರ್ಥ ಆಗ್ತಿದೆ ಕಣೇ, ಕೈ ಚಾಚ್ತಾರೆ" ಎಂದು ಸಂಭ್ರಮದಿಂದ ಹೇಳಿದೆ. ಅವಳೂ ಅತ್ತಳು.

ಗಿಡ ಬೋಳಾಗುತ್ತಾ ಬಂತು. ಅದೇ ಸಮಯಕ್ಕೆ ಪಕ್ಕದ ಖಾಲಿ ಸೈಟಿನಲ್ಲಿ ಪಿಲ್ಲಗುಂಪೆಯ ಕೆಲಸಗಾರರಿಗೆ ಬಾಡಿಗೆಗೆಂದು ಮನೆಗಳ ಮೇಲೆ ಮನೆ ಎದ್ದು ಕಿಟಕಿಗೆ ಗೋಡೆ ಅಡ್ಡ ಬಂತು. ಹೊಸದಾಗಿ ಬಂದ ಎಲೆಗಳು ಸಣ್ಣಗೆ, ದೂರ ದೂರ ಹುಟ್ಟಿದವು, ಕೆಂಪು ಮಂಕಾಯಿತು. ಗಿಡ ಸಾಯುವ ಮೊದಲು ಒಂದಾದರೂ ಉಳಿಸಿಕೊಳ್ಳೋಣವೆಂದು, ಅವರು ನಿದ್ದೆಯಲ್ಲಿ ಕೈಬಿಟ್ಟ ಎಲೆಯೊಂದನ್ನು ತೊಟ್ಟು ಸಮೇತ ಒದ್ದೆ ಮರಳಿಗೆ ಸಿಕ್ಕಿಸಿದೆ. ಎಷ್ಟೋ ದಿನಗಳ ಮೇಲೆ ಬುಡದಲ್ಲಿ ಮೊಳಕೆ ಬಂತು. ಬಂದದ್ದು ಬರೀ ಹಸಿರು. ಕೆನೆಯಿಲ್ಲ, ಕೆಂಪಿಲ್ಲ. ನರ್ಸರಿಗೆ ಹೋಗಿ ಕೇಳಿದರೆ, "ಎಲೆಯಿಂದ ಮಾಡಿದ್ರೆ ಬಣ್ಣ ಬರಲ್ಲಮ್ಮ, ಕಡ್ಡಿ ನೆಡಬೇಕಿತ್ತು" ಎಂದರು. ಕಡ್ಡಿ ನೆಡಲು ಅದರ ತಲೆಯಲ್ಲಿ ನಾಲ್ಕು ಎಲೆಯಾದರೂ ಇರಬೇಕಲ್ಲ.

ಬೇಸಿಗೆಯಲ್ಲಿ ಅವರಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಆ ಒಂದು ಪದವೂ ಹೋಯಿತು. ಬಾಯಿ ತೆರೆಯುತ್ತಾರೆ, ಉಸಿರು ಬರುತ್ತದೆ, ಅಷ್ಟೇ. ಮಾತಿನ ಹುಡುಗಿ ಇನ್ನು ತಾನು ಬಂದು ಪ್ರಯೋಜನವಿಲ್ಲ ಎಂದು ತಲೆ ತಗ್ಗಿಸಿ ಹೇಳಿ ಹೋದಳು. ಯಾವ ಪದ ಕೇಳಿ ರೇಗುತ್ತಿದ್ದೆನೋ ಅದಕ್ಕಾಗಿ ಕಿವಿ ಕಾಯತೊಡಗಿತು.

ಸುದ್ದಿ ಕೇಳಿ ಜಡಿಗೇನಹಳ್ಳಿಯಿಂದ ಭಾವ, ಎಂದರೆ ಇವರ ಅಣ್ಣ, ಅಕ್ಕನನ್ನು ಕರೆದುಕೊಂಡು ಬಂದರು. ಅಕ್ಕ ಅವರ ಹೆಂಡತಿ, ನನ್ನ ಓರಗಿತ್ತಿ, ಮಂಡಿನೋವಿನವರು. ನಾನು ಕಿಟಕಿಯಲ್ಲಿ ಗಿಡದ ಮಿಕ್ಕ ಎಲೆಯನ್ನು ಮಡಚಿ ನೋಡುತ್ತಿದ್ದೆ. ಭಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಏನಮ್ಮಾ, ಹೆಂಗವ್ನೆ?" ಎಂದು ನನ್ನನ್ನು ಕೇಳಿ, ಆಟೋದಿಂದ ಇಳಿಯಲು ತಿಣುಕುತ್ತಿದ್ದ ಅಕ್ಕನ ಕಡೆ ತಿರುಗಿ ಕೂಗಿದರು:

"ಎಲೇ! ಬಾರೇ ಬಿರ್ರನೆ."

"ಬಂದೇ" ಎಂದರು ಅಕ್ಕ.

ನನ್ನ ಕೈ ಕುಂಡದ ಮೇಲೇ ನಿಂತುಬಿಟ್ಟಿತು. ಅದೇ ದನಿ, ಅಣ್ಣತಮ್ಮಂದಿರಿಬ್ಬರದೂ ಒಂದೇ ದನಿ. ಜಡಿಗೇನಹಳ್ಳಿಯ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ನಡುಮನೆಯಿಂದ ಬರುತ್ತಿದ್ದ ಕೂಗು. ಎಲೇ. ಮಗಳು ಬಿಡಿಸಿದ್ದು ಅದನ್ನೇ. ಇಷ್ಟು ವರ್ಷ ಅವರ ಬಾಯಿಂದಲೂ ಕೇಳದೆ, ನನ್ನ ನೆನಪಿಂದಲೂ ಅದು ಹೋಗಿತ್ತು. ಆಮೇಲೆ ಕಲಿತದ್ದೆಲ್ಲ ಅಳಿಸಿಹೋದ ಮೇಲೆ ಅವರಿಗೆ ಉಳಿದಿದ್ದದ್ದು ಅದೊಂದೇ. ಸೋತ ನಾಲಗೆಗೆ ಕೊನೆಯ ಸ್ವರವನ್ನು ಎಳೆಯಲು ಆಗಿರಲಿಲ್ಲ, ಮೊಟಕಾಗಿ ಬರುತ್ತಿತ್ತು. ಲಕ್ಕೆ ಏತ್ವ ಕೊಟ್ಟರೆ ಲೆ, ದೀರ್ಘ ಸೇರಿಸಿದರೆ ಲೇ ಎಂದು ಜೀವಮಾನವಿಡೀ ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟವಳು ನಾನು. ಆಸ್ಪತ್ರೆಯ ಮಂಚದ ಮೇಲೆ, ನಾನು ಯಾರು ಎಂದು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಕಾಫಿ ಮಾಡಿದೆ. ಭಾವನಿಗೂ ಅಕ್ಕನಿಗೂ ಊಟ ಬಡಿಸಿದೆ. ಅವರನ್ನು ಆಟೋ ಹತ್ತಿಸಿದೆ. ಬಾಗಿಲು ಹಾಕಿಕೊಂಡು ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಗಂಟಲು ಬಿರಿಯುವಂತೆ ಅತ್ತೆ. ಮಗಳಿಗೆ ಹೇಳಿಲ್ಲ. ಹೇಳಿದರೆ ತನ್ನಿಂದ ಹೀಗಾಯಿತೆಂದು ಕೊರಗುತ್ತಾಳೆ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಆ ದಿನದಿಂದ ಎಲೆ ಬೇಕಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೆಲಸದ ನಡುವೆ ಎದ್ದು ಹೋಗಿ ಮಂಚದ ಪಕ್ಕ ನಿಲ್ಲುತ್ತೇನೆ. ಅಂದು ಹಿತ್ತಿಲಿನಿಂದ ಓಗೊಡುತ್ತಿದ್ದ ಹಾಗೇ, "ಬಂದೇ ಕಣ್ರೀ, ಇಲ್ಲೇ ಇದೀನಿ, ಏನು ಹೇಳಿ" ಎನ್ನುತ್ತೇನೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಾರೆ.

ಆಮೇಲೆ ಎಡಗೈ ಬಿಚ್ಚಿ, ನಾನು ಕಲಿಸಿದ ಹಾಗೇ, ಎಲೆಗೆಂದು ಚಾಚುತ್ತಾರೆ.