ಏಳು ರೊಟ್ಟಿಯ ಪಾಲು

ಮಂಡಿ ನೋವಿಗೆಂದು ಮೊನ್ನೆ ಔಡಲ ಎಲೆಗೆ ಎಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿದೆ. ಆಗಷ್ಟೇ ರೊಟ್ಟಿ ಮುಗಿಸಿದ ಹಂಚು, ಇನ್ನೂ ಕಾವಿತ್ತು. ಎಲೆ ಮೆತ್ತಗಾಗುತ್ತಿದ್ದಂತೆ ಅದರ ಹಸಿ ಕಮಟು ವಾಸನೆ ಎದ್ದಿತು. ಎಲೆಯನ್ನು ಮಂಡಿಗೆ ಇಟ್ಟುಕೊಳ್ಳದೆ ಹಾಗೇ ಕೂತುಬಿಟ್ಟೆ... ಪಕ್ಕದ ಮನೆಯ ಮಾಸ್ತರರ ಕೈಗೆ ನಾನು ಕಟ್ಟಿದ್ದು ಇದೇ ಎಲೆ.

ಅವರು ಲಿಂಗಸುಗೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮಸ್ಕಿಯಿಂದ ದಿನಾ ಬಸ್ಸಿಗೆ ಹೋಗಿ ಬರುವುದು. ಮದುವೆಯಾಗಿರಲಿಲ್ಲ, ಗಂಡ ತೀರಿಕೊಂಡ ಅಕ್ಕ ಜೊತೆಗಿದ್ದರು. ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕಳಿಸುವವಳು. ರಜೆಯ ದಿನ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಚಹಾ ಹಿಡಿದು ಕೂತು ಆಕಾಶದ ಮಾತು ತೆಗೆಯುತ್ತಿದ್ದರು. ಮೇಲೆಲ್ಲೋ ನಮಗಿಂತ ಬುದ್ಧಿವಂತರು ಇರಬಹುದು, ಇಷ್ಟೊತ್ತಿಗೆ ನಮ್ಮನ್ನು ಮಾತಾಡಿಸಿಯೂ ಇರಬಹುದು, ಅದು ಮಾತೆಂದು ನಮಗೇ ತಿಳಿದಿರಲಿಕ್ಕಿಲ್ಲ ಎನ್ನುತ್ತಿದ್ದರು. ನಮ್ಮೂರ ಗುಡ್ಡದ ಬಂಡೆಯ ಮೇಲಿನ ಹಳೆಯ ಅಕ್ಷರವನ್ನು ನಾನು ಸಣ್ಣವಳಿದ್ದಾಗ ಆಡಿನ ಗೊರಸಿನ ಗುರುತು ಎಂದುಕೊಂಡಿದ್ದೆನೆಂದು ಒಮ್ಮೆ ಹೇಳಿಬಿಟ್ಟಿದ್ದೆ. ಮನುಷ್ಯರು ಬರೆದದ್ದೇ ಗೊತ್ತಾಗದವಳು ನೀನು ಎಂದು ಆಮೇಲೆ ಎಷ್ಟೋ ವರ್ಷ ಕಾಡಿಸಿದರು.

“ಹಂಗಾರ ಅವರು ಮಾತಾಡ್ಯಾರ ಅಂತ ನಿಮಗರ ಹ್ಯಾಂಗ ತಿಳಿತದ್ರೀ ಸರ?” ಎಂದು ನಾನೂ ಬಿಡದೆ ಕೇಳಿದೆ.

ಅವರು ಬುಟ್ಟಿಯಿಂದ ಏಳು ರೊಟ್ಟಿ ಎಣಿಸಿ ನನ್ನ ಮುಂದಿಟ್ಟು, ಒಂದನ್ನೂ ಮುರಿಯದೆ ಸಮಪಾಲು ಮಾಡು ಎಂದರು. ಇಬ್ಬರಿಗೆ ಹಂಚಿ ನೋಡಿದೆ, ಮೂವರಿಗೆ ಹಂಚಿ ನೋಡಿದೆ. ಒಂದು ಉಳಿಯುತ್ತಲೇ ಇತ್ತು. ಎರಡು, ಮೂರು, ಐದು, ಏಳು... ಒಬ್ಬರಿಗೆ ಒಂದೊಂದು ಎನ್ನುವುದನ್ನು ಬಿಟ್ಟರೆ ಇವು ಪಾಲಾಗದ ಎಣಿಕೆಗಳಂತೆ.

“ಗಾಳಿ ಬಾಗಲಾ ಬಡೀತದ, ಮಳಿ ತಗಡು ಬಡೀತದ. ಯಾವುದೂ ಹಿಂಗ ಎಣಿಸಿ ಬಡಿಯಂಗಿಲ್ಲ,” ಎಂದು ಕಟ್ಟೆಗೆ ಅಷ್ಟಷ್ಟೇ ಸಲ ಗೆಣ್ಣು ಬಡಿದು ತೋರಿಸಿದರು. “ಹಿಂಗ ಬಡಿದದ್ದು ಕೇಳಿದಿ ಅಂದ್ರ, ಆ ಕಡಿ ಯಾರೋ ಅದಾರ ಅಂತ ತಿಳಕೊ.”

“ಯಾರರ ಇದ್ರ, ಮೊದಲ ರೊಟ್ಟಿ ಕೇಳ್ತಾರ ಬಿಡ್ರಿ,” ಎಂದೆ. ನಕ್ಕು ನಕ್ಕು ಅವರಿಗೆ ಚಹಾ ನೆತ್ತಿಗೇರಿತು.

ನಿವೃತ್ತಿಯಾದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಜೊತೆಗೆ ಮಾತೂ ಹೋಯಿತು. ಸಿಂಧನೂರಿನ ಡಾಕ್ಟರು ಮನೆಗೆ ಕಳಿಸುವಾಗ, ಒಳಗೆ ತಿಳಿವಳಿಕೆ ಎಷ್ಟಿದೆಯೋ ಈಗಲೇ ಹೇಳಲಾಗದು, ಒಂದು ಗುರುತು ಕಂಡರೂ ಕರೆತನ್ನಿ, ಮುಂದೆ ಕಲಿಸುವ ದಾರಿಯಿದೆ ಎಂದಿದ್ದರು.

ನಾವು ಗುರುತಿಗೆ ಕಾದೆವು. ಕಣ್ಣು ನೋಡಿದೆವು, ತುಟಿ ನೋಡಿದೆವು. ಸ್ಲೇಟು ಕೊಟ್ಟರೆ ಬಳಪ ಜಾರಿ ಬಿತ್ತು. ಅವರಿಗೆ ಇಷ್ಟದ ಶೇಂಗಾ ಹಿಂಡಿಯನ್ನು ಮೂಗಿನ ಹತ್ತಿರ ಹಿಡಿದೆ. ಮುಖ ಹಾಗೇ ಇತ್ತು. ಎಡಗೈ ಮಾತ್ರ ಮಂಚದ ಕಬ್ಬಿಣದ ಪಟ್ಟಿಗೆ ಬಡಿಯುತ್ತಿತ್ತು. ನಾನು ಹೋಗಿ ಕೂತರೆ ಇನ್ನೂ ಹೆಚ್ಚು. ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸುವಷ್ಟು ಹೊತ್ತೂ ಬಡಿಯುವುದು, ನಿಲ್ಲುವುದು, ಮತ್ತೆ ಬಡಿಯುವುದು...

“ಆ ಕೈಗೂ ಲಕ್ವಾ ಇಳಿಯಾಕತ್ತೈತಿ ನೋಡವ್ವಾ,” ಎಂದರು ಅವರಕ್ಕ. “ಇದೊಂದರ ಉಳೀಲಿ.”

ನಮ್ಮ ಓಣಿಯಲ್ಲಿ ಹಾಗೇ ನಂಬುತ್ತಿದ್ದರು. ಒಂದು ಕೈ ಬಿದ್ದು ಇನ್ನೊಂದು ನಡುಗತೊಡಗಿದರೆ, ಬಿಸಿ ಔಡಲ ಎಲೆ ಸುತ್ತಿ ಅಲುಗದಂತೆ ಕಟ್ಟಬೇಕು. ಗೆಣ್ಣಿನ ಚರ್ಮವೂ ಸುಲಿದಿತ್ತು. ನಾನೇ ಎಲೆ ಬಾಡಿಸಿದೆ. ಅವರದೇ ಹಳೆಯ ಧೋತರ ಹರಿದು ಬೆರಳೆಲ್ಲ ಸೇರಿಸಿ ಕಟ್ಟಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಿಗಿಯಾಯಿತೇನೋ ಎಂದುಕೊಂಡು ಗಂಟು ಒಂದಿಷ್ಟು ಸಡಿಲಿಸಿದೆ.

“ಇನ್ನ ಆರಾಮ ಆಗ್ತದ್ರೀ ಸರ,” ಎಂದೆ.

ಆಮೇಲೆ ಹತ್ತು ಹನ್ನೆರಡು ದಿನ ಇದ್ದರು. ಬಡಿತ ನಿಂತಿತ್ತು. ಎಲೆ ಹಿಡಿಯಿತು ಎಂದುಕೊಂಡೆವು.

ಅವರು ಹೋಗಿ ತಿಂಗಳಾಗಿರಬಹುದು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಮನಸ್ಸು ಎಲ್ಲಿತ್ತೋ, ಕೈ ತಾನಾಗಿಯೇ ಎರಡು ಬಡಿದು ನಿಂತಿತು. ಮೂರು ಬಡಿದು ನಿಂತಿತು. ಐದು. ಏಳು ಮುಗಿದಾಗ ನನ್ನ ಕೈಯನ್ನು ನಾನೇ ನೋಡಿದೆ. ಮಂಚದ ಪಕ್ಕ ಕೂತು ಅಷ್ಟು ದಿನ ಕೇಳಿದ್ದನ್ನು ಅದು ಕಲಿತುಬಿಟ್ಟಿತ್ತು. ನಾನು ಕಲಿತಿರಲಿಲ್ಲ.

ಹಂಚಿನ ಮೇಲಿದ್ದ ರೊಟ್ಟಿ ಕರ್ರಗಾಗಿತ್ತು. ತೆಗೆದು ಇನ್ನೊಂದು ಹಾಕಿದೆ. ಉಳಿದ ಹಿಟ್ಟನ್ನೂ ಮುಗಿಸಿ, ಬುಟ್ಟಿ ಕಟ್ಟಿ, ಸಿಂಧನೂರಿನ ಬಸ್ಸಿಗೆ ಹಾಕಿ ಬಂದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಅವರಕ್ಕನಿಗೆ ಹೇಳಲಿಲ್ಲ, ತಮ್ಮನಿಗೆ ಕೊನೆಗೆ ಏನೂ ತಿಳಿಯುತ್ತಿರಲಿಲ್ಲ ಎಂಬ ಸಮಾಧಾನ ಅವರಿಗಿತ್ತು. ಆಮೇಲೆ ಅವರೂ ಮುದಗಲ್ಲಿನ ತಂಗಿಯ ಮನೆಗೆ ಹೋದರು.

ಮೊನ್ನೆ ಹಾಗೆ ಕೂತಲ್ಲೇ ಎಲೆ ಆರಿಹೋಗಿತ್ತು. ಮತ್ತೆ ಬಿಸಿ ಮಾಡಿ ಮಂಡಿಗೆ ಕಟ್ಟಿಕೊಂಡೆ. ಪಕ್ಕದ ಮನೆ ಈಗ ಖಾಲಿ. ಗಾಳಿ ಬಂದಾಗ ಅವರ ಹಿತ್ತಲಿನ ತಗಡಿನ ಬಾಗಿಲು ಬಡಿಯುತ್ತದೆ, ಆಗೆಲ್ಲ ಕೆಲಸ ನಿಲ್ಲಿಸಿ ಎಣಿಸುತ್ತೇನೆ. ಮೊನ್ನೆಯೂ ಬಡಿಯಿತು. ಎರಡು. ಆಮೇಲೆ ಮೂರು... ಎಲೆಯ ಮೇಲೆ ಕೈಯಿಟ್ಟುಕೊಂಡು ಕಾದೆ.

ನಾಲ್ಕೇ ಬಡಿದು ನಿಂತಿತು. ಎದ್ದು ಹಂಚು ತೊಳೆಯಲು ಹೋದೆ.