ಮೂರು ಖಾನೆಯ ಮನುಷ್ಯ
ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನವೇ ಆತ ನಮ್ಮ ನೀರಿನ ಪಂಪಿಗೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು ಮೂರು ಖಾನೆ ಮಾಡಿದ: ಮೇಲೆ ಹೆಸರು, ನಡುವೆ ಗುಣ, ಕೆಳಗೆ 'ನೀರೆತ್ತುವುದು, ಅರಚುವುದು' ಎಂದು ಅದರ ಕೆಲಸ. ಕಂಪ್ಯೂಟರ್ ಕಚೇರಿಯಲ್ಲೂ ಇಂಥ ಖಾನೆಗಳಿಗೆ ಗುಣ, ಕೆಲಸಗಳನ್ನು ಸೇರಿಸುವುದು, ತೆಗೆಯುವುದೇ ಆತನ ಕಸುಬು. ಆತನ ಮನೆಯ ಗೋಡೆಯ ಮೇಲೆ ಪೊರಕೆಗೂ ಒಂದು ಚೌಕ. ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಅದರ ಕೆಳಖಾನೆ ಅಳಿಸಿ, "ಮಾಡದ ಕೆಲಸ ಬರೆದ್ರೆ ಸುಳ್ಳಾಗುತ್ತೆ ಅಜ್ಜಿ" ಎಂದ. "ನನ್ನದೂ ಬರೆದಿದ್ದೀಯೇನಪ್ಪಾ?" ಎಂದರೆ, "ನಿಮ್ಮ ಕೆಳಖಾನೆಗೆ ಗೋಡೆ ಸಾಲಲ್ಲ!" ಆತನ ತಂಗಿಯ ಮನೆಯಲ್ಲಿ ಬೆಳೆದ, ತಾಯಿಯಿಲ್ಲದ ಮಗಳು ಇನ್ನು ಅಪ್ಪನ ಜೊತೆಗೇ ಇರುತ್ತಾಳೆಂದು ಗೊತ್ತಾದ ವಾರ ಹೊಸ ಚೌಕ ಕಂಡೆ. ಮೇಲೆ 'ಅಪ್ಪ', ನಡುವೆ ಎತ್ತರ, ತೂಕ, ಕನ್ನಡಕದ ನಂಬರು, ಕೆಳಗೆ ಏನೂ ಇಲ್ಲ. ಅವಳು ಬರುವ ಹಿಂದಿನ ಸಂಜೆ ಬಾಚಣಿಗೆ ಹಿಡಿದು ನನ್ನ ಬಾಗಿಲಿಗೆ ಬಂದ. "ಅಜ್ಜಿ, ಜಡೆ ಹಾಕೋದು ಕಲೀಬೇಕು. ನಿಮ್ಮ ಕೂದಲಲ್ಲಿ ಒಂದ್ಸಲ ಹಾಕಿ ನೋಡ್ಲಾ?"